ಗದ್ದೆಗೆ ಬಲೆ ಬೀಸುವ ಪಾಚಿ

ನಾಟಿಯಾದ ಎಂಟು-ಹತ್ತು ದಿನಕ್ಕೆ ಕೆರೆ ಹಿಂದಿನ ಗದ್ದೆಗಳ ನಿಂತ ನೀರಿನ ಮೇಲೆ ಹಸುರು ಪಾಚಿ ಹಾಸಿಕೊಳ್ಳುವುದನ್ನು ನೀವು ಕಂಡೇ ಇರುತ್ತೀರಿ. ಪಾಚಿಯೆಲ್ಲ ಒಂದೇ ಎಂದು ತಿಳಿಯಬೇಡಿ. ತುಸು ಎತ್ತಿ ಅಂಗೈಯ ಮೇಲೆ ಬಿಡಿಸಿ ನೋಡಿ. ಬೆಸ್ತರ ಬಲೆಯಂತೆ ಐದಾರು ಮೂಲೆಯ ಕಣ್ಣುಗಳು ಕಂಡರೆ ಅದು ಹೈಡ್ರೊಡಿಕ್ಟಿಯಾನ್ ರೆಟಿಕ್ಯುಲೇಟಮ್. ನಾವು ಬಲೆಪಾಚಿ ಎನ್ನೋಣ.

ಇದರ ಸಂತಾನಕ್ರಮವೇ ಒಂದು ಸೋಜಿಗ. ಬಲೆಯ ಒಂದೊಂದು ಎಳೆಯೂ ಒಂದೊಂದು ಜೀವಕೋಶ. ಅದು ಬರಿಗಣ್ಣಿಗೆ ಕಾಣುವಷ್ಟು ಉದ್ದ ಬೆಳೆಯುತ್ತದೆಯೇ ಹೊರತು ಎರಡಾಗಿ ಸೀಳುವುದಿಲ್ಲ. ಬಲಿತ ಕೋಶದೊಳಗೆ ಸಾವಿರಾರು ಮರಿಕೋಶಗಳು ಹುಟ್ಟಿ, ತುಸು ಹೊತ್ತು ಅಲ್ಲೇ ಮಿಸುಕಾಡಿ, ಒಂದರ ತುದಿಗೊಂದು ಅಂಟಿಕೊಂಡು ಪುಟ್ಟ ಬಲೆಯಾಗುತ್ತವೆ. ತಾಯಿಕೋಶದ ಗೋಡೆ ಕರಗಿದೊಡನೆ ಮರಿಬಲೆ ಹೊರಬರುತ್ತದೆ. ಅಂದರೆ ಒಂದು ಬಲೆಯಲ್ಲಿ ಎಷ್ಟು ಎಳೆಯೋ ಅಷ್ಟು ಬಲೆಗಳಾಗಬಲ್ಲವು! ಕೆರೆ ಬತ್ತಿದರೂ ವಂಶ ಅಳಿಯದು. ದಪ್ಪ ಗೋಡೆಯ ಬೀಜಕಣಗಳು ಕೆಸರಿನಲ್ಲಿ ಮಲಗಿದ್ದು ನೀರು ಬಂದಾಗ ಏಳುತ್ತವೆ. ನ್ಯೂಜಿಲೆಂಡಿನಲ್ಲಿ 1986ರಲ್ಲಿ ಮೊದಲು ಕಂಡ ಈ ಪಾಚಿ ರೊಟೊರುವಾ ಸೀಮೆಯ ಸರೋವರಗಳಿಗೂ ಹಬ್ಬಿ ಪೀಡೆಯಾಗಿತ್ತು.

ಕಳೆದ ವರ್ಷ ನಮ್ಮ ಗದ್ದೆಗೂ ಬಂತು. ಶಾಲೆಗೆ ಹೊತ್ತಾಯಿತೆಂಬ ಅವಸರದಲ್ಲಿ ನಾವು ಬದು ಕಡಿದು ನೀರನ್ನೆಲ್ಲ ಬಿಟ್ಟೆವು. ಸಂಜೆ ನೋಡಿದರೆ, ಇಳಿದ ಬಲೆ ಎಳೆಯ ಪೈರನ್ನು ಕೆಸರಿಗೆ ಒತ್ತಿ ಮಲಗಿಸಿತ್ತು. ತಪ್ಪು ನಮ್ಮದೇ. ನೀರಿರುವಾಗಲೇ ಗಳುವಿನಿಂದ ಬಲೆಯನ್ನು ಬದುವಿಗೆ ಎಳೆದು, ಆಮೇಲೆ ಎರಡು-ಮೂರು ದಿನ ನೀರು ಬಸಿಯಬೇಕಿತ್ತು. ಎಳೆದು ಹಾಕಿದ್ದು ತಿಪ್ಪೆಗೆ ಒಳ್ಳೆಯದು.

ಕೆರೆಗೇ ಮೈಲುತುತ್ತ ಸುರಿಯೋಣವೆಂದು ಊರಲ್ಲಿ ಕೆಲವರು ಹೊರಟಿದ್ದರು. ಪಾಚಿ ಸಾಯುವುದು ನಿಜ. ಆದರೆ ಒಟ್ಟಿಗೆ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನು ಸಾಯುತ್ತವೆ. ತಾಮ್ರವೂ ಮೀನಿಗೆ ವಿಷವೇ; ಕುರಿಗಳಿಗಂತೂ ದನಗಳಿಗಿಂತ ಬೇಗ ನಂಜೇರುತ್ತದೆ. ಊರ ಕುರಿಮಂದೆಗಳೆಲ್ಲ ಕುಡಿಯುವುದು ಆ ಒಂದೇ ಕೆರೆಯ ನೀರು. ನಮ್ಮ ನೀರುಗಂಟಿ ಮಾತು ಬೆಳೆಸದೆ ತೂಬಿನ ಬಳಿ ಅಡ್ಡ ನಿಂತ; ಬದುಕಿದೆವು.

ಬಿಸಿಲು, ನಿಂತ ನೀರು, ರಂಜಕ ಇಷ್ಟಿದ್ದರೆ ಇದಕ್ಕೆ ಹಬ್ಬ. ಆದುದರಿಂದ ಸೂಪರ್ ಫಾಸ್ಫೇಟನ್ನು ನೀರಿನ ಮೇಲೆ ಎರಚದೆ ಕೊನೆಯ ಕೆಸರುಳುಮೆಯಲ್ಲಿ ಮಣ್ಣಿಗೆ ಬೆರೆಸಿರಿ. ಈ ಸಲ ನಾವು ಹಾಗೆಯೇ ಮಾಡಿದೆವು. ಮೂಲೆಯ ಮಡಿಯೊಂದರಲ್ಲಿ ಮಾತ್ರ ಅಂಗೈಯಗಲದ ಬಲೆ ಕಂಡಿತು. ಅದನ್ನು ಗಾಜಿನ ಲೋಟದಲ್ಲಿಟ್ಟು ಮಕ್ಕಳಿಗೆ ತೋರಿಸಲು ಶಾಲೆಗೆ ಒಯ್ದೆವು.