ಬೆಳ್ಳಿಯ ಒಂದು ಎಳೆ

ಮಳೆಗಾಲದಲ್ಲಿ ಕಾಲನ್ನು ಕಚ್ಚಿ ಹಿಡಿಯುವ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ನಮ್ಮ ಹುನಗುಂದ, ಬಾಗಲಕೋಟೆಗಳ ಎರೆನೆಲವು ಕಾಲ್ಚೆಂಡಿಗೆ ಅಷ್ಟಾಗಿ ಒಲಿದುದಲ್ಲ. ಕುಸ್ತಿ, ಕಬಡ್ಡಿ, ಖೋ-ಖೋಗಳ ಈ ಸೀಮೆಯಲ್ಲಿ ಏಷ್ಯಾ ಕಪ್ಪಿನ ಮಾತೆತ್ತುವವನು ಬಾದಾಮಿಯ ಬಂಡೆಯ ಮೇಲೆ ಜೋಳ ಬಿತ್ತಹೊರಟವನಂತೆ ಕಂಡರೆ ತಪ್ಪಲ್ಲ. ಆದರೂ 2019ರ ಜನವರಿ 14ರಂದು, ಭೋಗಿಯ ರಾತ್ರಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನುಂಡು, ಇಳಕಲ್ಲಿನ ನೇಕಾರ ಮಿತ್ರರೊಬ್ಬರ ಮನೆಯಲ್ಲಿ ಕುಣಿಮಗ್ಗದ ಮಗ್ಗುಲಿಗಿದ್ದ ಟೀವಿಯೆದುರು ಭಾರತ–ಬಹ್ರೇನ್ ಪಂದ್ಯವನ್ನು ನೋಡುತ್ತ ಕುಳಿತಿದ್ದೆನು. ಸಮಗೊಂಡರೂ ಸಾಕು, ಭಾರತಕ್ಕೆ ಮುಂದಿನ ಸುತ್ತು ದಕ್ಕುತ್ತಿತ್ತು. ತೊಂಬತ್ತು ನಿಮಿಷಗಳು ಮುಗಿದಾಗಲೂ ಗೋಲಿಲ್ಲ.

ಕೊನೆಯನ್ನು ಹೇಳುವ ಮುನ್ನ ಮೊದಲನ್ನು ಹೇಳಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತದ ಕಾಲ್ಚೆಂಡು ತಂಡದಲ್ಲಿ ನಮ್ಮ ಕರ್ನಾಟಕದ ಆಟಗಾರ ಕೆಂಪಯ್ಯನವರೂ ಇದ್ದರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಸ್ವರ್ಣ ಬಂದಿತು, ಆದರೆ ಆ ಸ್ವರ್ಣದ ಶಿಲ್ಪಿಯಾದ ತರಬೇತುದಾರ ಸೈಯದ್ ಅಬ್ದುಲ್ ರಹೀಮರು ಮರುವರ್ಷವೇ ಗತಿಸಿದರು. 1964ರ ಏಷ್ಯಾ ಕಪ್ ಇಸ್ರೇಲಿನಲ್ಲಿ ನಡೆಯತಕ್ಕದ್ದೆಂದಾದಾಗ ರಾಜಕೀಯ ವೈಮನಸ್ಯದಿಂದ ಅನೇಕ ರಾಷ್ಟ್ರಗಳು ದೂರ ಸರಿದವು. ನಮ್ಮ ವಲಯದ ಎದುರಾಳಿಗಳೆಲ್ಲ ಹಿಂಜರಿದುದರಿಂದ ಭಾರತಕ್ಕೆ ಆಡದೆಯೇ ಅರ್ಹತೆ ಲಭಿಸಿತು. ಇದನ್ನು ಮುಚ್ಚಿಡುವುದು ಸಲ್ಲದು. ಕಣದಲ್ಲಿದ್ದುದು ನಾಲ್ಕೇ ತಂಡಗಳು. ಆದರೆ ಅವುಗಳಲ್ಲೊಂದು, ಅದುವರೆಗಿನ ಎರಡು ಕಪ್ಪುಗಳನ್ನೂ ಗೆದ್ದಿದ್ದ ದಕ್ಷಿಣ ಕೊರಿಯಾ. ಅದನ್ನು ಚುನಿ ಗೋಸ್ವಾಮಿಯವರ ತಂಡವು ಹೈಫಾದಲ್ಲಿ ಮೇ 27ರಂದು 2–0 ರಿಂದ ಮಣಿಸಿತು. ಅಪ್ಪಲರಾಜು ಎರಡನೆಯ ನಿಮಿಷದಲ್ಲಿಯೇ, ಇಂದರ್ ಸಿಂಗ್ ಉತ್ತರಾರ್ಧದಲ್ಲಿ ಗೋಲು ಹೊಡೆದರು. ಅದೇ ದಿನ ದೆಹಲಿಯಲ್ಲಿ ಜವಾಹರಲಾಲ್ ನೆಹರೂ ಕಣ್ಮುಚ್ಚಿದ್ದರು. ರೇಡಿಯೋಗೆ ಕಿವಿಗೊಟ್ಟು ಶೋಕದಲ್ಲಿ ಮುಳುಗಿದ್ದ ದೇಶಕ್ಕೆ ಹೈಫಾದ ಸುದ್ದಿ ಯಾರಿಗೆ ಬೇಕಾಗಿತ್ತು? ಇಸ್ರೇಲಿಗೆ 0–2 ರಿಂದ ಸೋತು, ಹಾಂಗ್‌ಕಾಂಗನ್ನು 3–1 ರಿಂದ ಗೆದ್ದು, ತಂಡವು ಎರಡನೆಯ ಸ್ಥಾನದೊಡನೆ ಮರಳಿತು. ಅದಕ್ಕಿಂತ ಮೇಲಿನ ಸ್ಥಾನ ಮತ್ತೆಂದೂ ದೊರೆತಿಲ್ಲ.

ಅನಂತರ ಇಪ್ಪತ್ತು ವರ್ಷಗಳ ಮೌನ. 1984ರಲ್ಲಿ ಸಿಂಗಪುರಕ್ಕೆ ಹೋದ ತಂಡ ಇರಾನಿನೊಡನೆ ಸಮಗೊಂಡುದಷ್ಟೇ ಸಮಾಧಾನ. ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲಿಲ್ಲ. ಮತ್ತೆ ಇಪ್ಪತ್ತೇಳು ವರ್ಷಗಳು ಸಂದ ಮೇಲೆ, 2011ರಲ್ಲಿ, ದೋಹಾದಲ್ಲಿ ಮೂರು ಪಂದ್ಯಗಳಿಂದ ಹದಿಮೂರು ಗೋಲುಗಳನ್ನು ಬಿಟ್ಟುಕೊಟ್ಟೆವು.

ಕರ್ನಾಟಕದ ಪಾಲಿನ ಒಂದು ಸಂಜೆ 2017ರ ಅಕ್ಟೋಬರ್ 11. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಕಾವ್ ತಂಡವನ್ನು 4–1 ರಿಂದ ಸೋಲಿಸಿ ಭಾರತವು 2019ರ ಕಪ್ಪಿಗೆ ಅರ್ಹತೆ ಗಳಿಸಿತು. ಬೆಂಗಳೂರು ಎಫ್‌ಸಿಯ ಅಂದಿನ ನಾಯಕ ಸುನಿಲ್ ಚೆಟ್ರಿಗೆ ಅದು ಮನೆಯಂಗಳವೇ. ಅಬುಧಾಬಿಯ ಮೊದಲ ಪಂದ್ಯದಲ್ಲಿ ಥಾಯ್ಲೆಂಡನ್ನು 4–1 ರಿಂದ ಗೆದ್ದಾಗ, 1964ರ ತರುವಾಯ ಏಷ್ಯಾ ಕಪ್ಪಿನಲ್ಲಿ ನಾವು ಕಂಡ ಮೊದಲ ಜಯವದು. ಅದರಲ್ಲಿ ಎರಡು ಗೋಲು ಚೆಟ್ರಿಯವು.

ಇನ್ನು ಭೋಗಿಯ ರಾತ್ರಿಗೆ ಬರುತ್ತೇನೆ. ತೊಂಬತ್ತೊಂದನೆಯ ನಿಮಿಷದಲ್ಲಿ ಪೆನಾಲ್ಟಿ, ಬಹ್ರೇನಿಗೆ ಗೋಲು, ಭಾರತ ಹೊರಗೆ. ಇಳಕಲ್ ಸೀರೆಯನ್ನು ಬಲ್ಲವರು ಬಲ್ಲರು, ಅದರ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ಎಳೆಯೆಳೆಯಾಗಿ ತೊಡಕಿಸಿ ಎರಡನ್ನೂ ಕೂಡಿಸುವುದಕ್ಕೆ ಕೊಂಡಿ ಎನ್ನುವರು. ಮಿತ್ರರು ಟೀವಿಯನ್ನು ಆರಿಸಿ, ಮಗ್ಗದ ಮೇಲಿನ ಅರೆನೇಯ್ದ ಸೀರೆಯನ್ನು ಸವರುತ್ತ, “ಮಾಸ್ತರ್ರ, ಮೈ ನೇಯಾಕ ಬರತೈತ್ರೀ ಇವರಿಗೆ, ಕೊಂಡಿ ಹಾಕಾಕ ಬರೂದಿಲ್ಲ” ಎಂದರು.

2024ರ ಜನವರಿಯಲ್ಲಿ ಕತಾರಿನಲ್ಲಿ ಮೂರೂ ಪಂದ್ಯಗಳನ್ನು, ಒಂದೂ ಗೋಲಿಲ್ಲದೆ, ಸೋತೆವು. 2025ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ 1–2 ರಿಂದ ಸೋತು 2027ರ ಕಪ್ಪಿನ ದಾರಿಯೂ ಮುಚ್ಚಿದಾಗ ಇಳಕಲ್ಲಿಗೆ ಫೋನು ಮಾಡಿದೆನು. ಮಗ್ಗದ ಸಪ್ಪಳ ಕೇಳುತ್ತಲೇ ಇತ್ತು, ಅದರ ನಡುವಿನಿಂದ ಅವರೆಂದರು: “ಮತ್ತ ಹರೀತೇನ್ರೀ?”