ಎಲೆಯ ಬಲವೋ, ಬುದ್ಧಿಯ ಬಲವೋ?

ಇಸ್ಪೀಟಿನಲ್ಲಿ ಕೈಗೆ ಬಂದ ಎಲೆಗಳಿಂದಲೇ ಆಡಬೇಕಷ್ಟೆ. ಗಣಿತಜ್ಞರಾದ ರಿಚರ್ಡ್ ಗಾರ್ಫೀಲ್ಡರು ರಚಿಸಿ, 1993ರಲ್ಲಿ ಅಮೆರಿಕಾ ದೇಶದಲ್ಲಿ ಹೊರಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟದಲ್ಲಾದರೋ ಆಟಗಾರನು ಎಲೆಗಳನ್ನು ಕೊಂಡು, ಆಯ್ದು, ತನ್ನ ಕಟ್ಟನ್ನು ತಾನೇ ಜೋಡಿಸಿಕೊಳ್ಳುವನು. ಮೊದಮೊದಲು ಒಂದೇ ಬಗೆಯ ಎಲೆಯನ್ನು ಎಷ್ಟಾದರೂ ಸೇರಿಸಬಹುದಾಗಿತ್ತು. ಮೂರು ಪಾಲು ಶಕ್ತಿಯನ್ನು ಬಿಟ್ಟಿಯಾಗಿ ಕೊಡುವ ‘ಬ್ಲ್ಯಾಕ್ ಲೋಟಸ್’ ಎಲೆಗಳನ್ನು ಕೂಡಿಹಾಕಿದವನ ಮುಂದೆ ಜಾಣನ ಯುಕ್ತಿಯೂ ನಿಲ್ಲದು. ಆದುದರಿಂದ 1994ರಲ್ಲಿ ಪಂದ್ಯಗಳಿಗೆ ಕಟ್ಟಳೆಗಳಾದವು: ಕಟ್ಟಿಗೆ ಕನಿಷ್ಠ 60 ಎಲೆ, ಮೂಲಶಕ್ತಿಯ ಎಲೆಗಳನ್ನುಳಿದು ಯಾವುದೂ 4ನ್ನು ಮೀರಕೂಡದು, ಲೋಟಸ್ ಒಂದೇ.

ತುಪ್ಪ ಸುರಿದು ರುಚಿಗಟ್ಟುವುದು ಯಾರಿಗೂ ಸಾಧ್ಯ. ಇದ್ದುದರಲ್ಲಿ ಅಡಿಗೆ ಮಾಡಿ ಬಡಿಸುವುದೇ ಕೈಗುಣ. ಮನೆಯ ಮಕ್ಕಳು ಬೆಲೆಯುಳ್ಳ ಎಲೆಗಾಗಿ ಹಣ ಬೇಡಿದಾಗ, ಇರುವ ಎಲೆಗಳಿಂದಲೇ ಹೊಸದೊಂದು ಜೋಡಣೆಯನ್ನು ಯೋಚಿಸಹೇಳುವುದು ಮೇಲೆಂದು ನಮ್ಮ ಅಭಿಪ್ರಾಯ.