ಭೂಗೋಳ ಓದಿ ಏನು ಮಾಡುತ್ತೀಯೆ?

ಪದವಿಗೆ ಭೂಗೋಳಶಾಸ್ತ್ರ ಆರಿಸಿಕೊಳ್ಳುವೆನೆಂಬ ಮಗಳನ್ನು ನಮ್ಮ ಮನೆಗಳಲ್ಲಿ ಹೀಗೆ ಕೇಳುವುದುಂಟು. ಊರು, ನದಿಗಳ ಹೆಸರು ಬಾಯಿಪಾಠ ಮಾಡುವುದೇ ಭೂಗೋಳವೆಂದು ನಾವು ಬಗೆದಿದ್ದೇವೆ.

ಪದವಿ ತರಗತಿಯಲ್ಲಿ ಹೆಸರಿಗಿಂತ ಕಾರಣ ಮುಖ್ಯ. ನಾವಿರುವ ಪುಣೆಯನ್ನೇ ನೋಡಿ. ಇಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಸಹ್ಯಾದ್ರಿಯ ನೆತ್ತಿಯ ಮಹಾಬಳೇಶ್ವರದಲ್ಲಿ 5,000ಕ್ಕೂ ಮಿಕ್ಕಿ. ಕಡಲಿನ ತೇವದ ಗಾಳಿ ಘಟ್ಟವೇರುತ್ತ ತಣಿದು ಅಲ್ಲೇ ಮಳೆ ಸುರಿಸುತ್ತದೆ. ಇತ್ತ ಇಳಿಯುವಾಗ ಒಣಗಿರುತ್ತದೆ. ಅಲ್ಲಿ ಹುಟ್ಟುವ ಕೃಷ್ಣೆಯೇ ನಮ್ಮ ವಿಜಯಪುರ, ಬಾಗಲಕೋಟೆಗಳ ಬಯಲಿಗೂ ನೀರು ತರುತ್ತಾಳೆ.

ವಿದ್ಯಾರ್ಥಿ ಇದನ್ನು ನಕಾಶೆಯಲ್ಲಿ ಗುರುತಿಸಿ, ಸ್ಥಳಕ್ಕೆ ಹೋಗಿ ಅಳೆದು, ಉಪಗ್ರಹ ಚಿತ್ರದಲ್ಲಿ ಓದಲು ಕಲಿಯುತ್ತಾಳೆ. ನಕಾಶೆ ತಯಾರಿಕೆ, ನಗರಯೋಜನೆ, ಅಧ್ಯಾಪನಗಳಿಗೆ ಇದು ಮೊದಲ ಮೆಟ್ಟಿಲು. ಹಲವು ಹುದ್ದೆಗಳಿಗೆ ಸ್ನಾತಕೋತ್ತರ ವ್ಯಾಸಂಗವೂ ಬೇಕು.

ಆದ್ದರಿಂದ ಬೇಡವೆನ್ನುವ ಮುನ್ನ ಕಾಲೇಜಿನ ಪಾಠಪಟ್ಟಿ ತರಿಸಿ, ಮಗಳ ಜೊತೆ ಕುಳಿತು ಓದೋಣ.